ನಡುವಿನ ಖಾಲಿ ಹಾಳೆಗಳು

ಫೋನು ಬಡಿದುಕೊಂಡ ಕೂಡಲೇ ಇರುವೆ ಹೊಲಿಗೆ ಮೆಷಿನ್ನಿನ ಕೆಳಗೆ ಸೇರಿಕೊಂಡಳು.

ಇರುವೆ ಎಂದರೆ ಆ ಮನೆಯ ಏಳು ವರ್ಷದ ಹುಡುಗಿ. ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತಾಳೆಂದು ಅವಳಣ್ಣ ಇಟ್ಟ ಹೆಸರು. ಅಣ್ಣ ಸೈನಿಕ. ರಜೆ ಮುಗಿಸಿ ಹೋದವನನ್ನು ಈ ಸಲ ಗಡಿಗೆ ಕಳಿಸಿದ್ದಾರೆ.

"ಬಾರೇ, ಅಣ್ಣ ಮಾತಾಡ್ತಾನಂತೆ," ಎಂದು ಅಮ್ಮ ಬಗ್ಗಿ ಫೋನು ಚಾಚಿದರು. ಇರುವೆ ಇನ್ನಷ್ಟು ಒಳಗೆ ಸರಿದಳು.

"ಮಲಗಿಬಿಟ್ಟಿದಾಳೆ ಕಣೋ," ಎಂದರು ಅಮ್ಮ ಫೋನಿಗೆ.

"ಹೋದ ಸಲಾನೂ ಮಲಗಿದ್ಲು. ಎಷ್ಟು ಮಲಗ್ತಾಳಮ್ಮ ಅವಳು?" ಎಂದಿತು ಆ ಕಡೆಯ ದನಿ. ಅದು ತಮಾಷೆಯ ದನಿಯಾಗಿರಲಿಲ್ಲ.

ಸಂಜೆ ಅಪ್ಪ ಬಸ್ಸಿನ ಡ್ಯೂಟಿ ಮುಗಿಸಿ ಬಂದಾಗ ಅಮ್ಮ ಗೋಡೆ ತೋರಿಸಿದರು. ಬಟ್ಟೆ ಕತ್ತರಿಸುವ ಮೊದಲು ಅಳತೆ ಗುರುತು ಹಾಕುವ ಕಂದು ಕಾಗದವನ್ನು ಇರುವೆ ಉದ್ದಕ್ಕೂ ಅಂಟಿಸಿದ್ದಳು. ಅಡುಗೆಮನೆ ಬಾಗಿಲ ಹತ್ತಿರದ ಹಾಳೆಯಲ್ಲಿ ಅಪ್ಪ, ಅಮ್ಮ, ಮೆಷಿನ್ನು, ಎರಡು ಜಡೆಯ ಹುಡುಗಿ. ಕಿಟಕಿಯ ಹತ್ತಿರದ ಹಾಳೆಯಲ್ಲಿ ದೊಡ್ಡ ಬೂಟಿನ ಒಬ್ಬ ಮನುಷ್ಯ, ಒಬ್ಬನೇ. ಅವೆರಡರ ನಡುವೆ ಸಾಲಾಗಿ ಅಂಟಿಸಿದ ಹಾಳೆಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

"ಬರೆದು ಅಂಟಿಸಿದ್ರೆ ಸರಿ. ಖಾಲಿ ಕಾಗದ ಮೆತ್ತೋಕೆ ಗೋಡೆಗೇನು ಗಾಯ ಆಗಿದೆಯಾ?" ಎನ್ನುತ್ತ ಅಪ್ಪ ಕೀಳಲು ಕೈಯೆತ್ತಿದರು.

"ಸ್ವಲ್ಪ ಬ್ರೇಕ್ ಹಾಕಿ ಡ್ರೈವರ್ ಸಾಹೇಬ್ರೇ," ಎಂದು ಬಾಗಿಲಲ್ಲಿ ದನಿ ಕೇಳಿತು. ಹೊಲಿಯಲು ಕೊಟ್ಟಿದ್ದ ಕೋಟು ತೆಗೆದುಕೊಂಡು ಹೋಗಲು ಪಕ್ಕದ ಮನೆಯ ನರ್ಸು ಬಂದಿದ್ದರು. "ಅದೇನು ಅಂತ ಅವಳನ್ನ ಕೇಳಿದ್ರಾ?"

"ಮಕ್ಕಳಾಟ. ಅದರಲ್ಲಿ ಕೇಳೋದೇನಿದೆ?"

ನರ್ಸು ವಾದಕ್ಕೆ ನಿಲ್ಲಲಿಲ್ಲ. ಇರುವೆ ಮತ್ತೆ ಅಡಗಿದ್ದ ಮೆಷಿನ್ನಿನ ಪಕ್ಕ, ನೆಲದ ಮೇಲೆ ಕುಳಿತರು. "ಇದರ ಬಗ್ಗೆ ನಂಗೆ ಹೇಳ್ತೀಯಾ ಇರುವೆ?" ಎಂದು ಕೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ನಂತರ ಹುಡುಗಿ ಮಾತಾಡಿದಳು.

"ಇದು ಮನೆ. ಅದು ಅಣ್ಣ."

"ನಡುವೆ ಇರೋದು?"

"ದಾರಿ."

"ದಾರೀಲಿ ಏನೂ ಕಾಣಲ್ವಲ್ಲ?"

"ನಂಗೆ ಯಾರೂ ಹೇಳಿಲ್ಲ."

"ಹೇಳಿದೀನಲ್ಲೇ," ಎಂದರು ಅಪ್ಪ. "ಟ್ರೇನಿಂಗಿಗೆ ಹೋಗಿದಾನೆ, ವಾರದಲ್ಲಿ ಬರ್ತಾನೆ ಅಂತ."

"ವಾರ ಆಗೋಯ್ತು. ಆಮೇಲೂ ಇನ್ನೊಂದು ವಾರ ಅಂದೆ. ಅಣ್ಣನೂ ಫೋನಲ್ಲಿ ಅದನ್ನೇ ಹೇಳ್ತಾನೆ. ನೀನೇ ಅವನಿಗೆ ಹೇಳ್ಕೊಟ್ಟಿದೀಯ."

ಅದು ನಿಜವಾಗಿತ್ತು. ಅಮ್ಮ ಕತ್ತರಿಯನ್ನು ಕೆಳಗಿಟ್ಟರು.

ಅಪ್ಪ ನರ್ಸನ್ನು ಜಗಲಿಗೆ ಕರೆದು ದನಿ ತಗ್ಗಿಸಿದರು. "ಹೆದರ್ಕೋತಾಳೆ ಅಂತ ಮುಚ್ಚಿಟ್ವಿ. ಗಡಿ, ಗುಂಡು ಅಂತೆಲ್ಲ ಮಗೂಗೆ ಹೇಳೋಕಾಗುತ್ತಾ?"

"ಈಗೇನು ಧೈರ್ಯವಾಗಿದಾಳಾ? ಮೆಷಿನ್ ಕೆಳಗೆ ಬಿಡಾರ ಹೂಡಿದಾಳೆ! ಅವಳು ಕೇಳಿದಷ್ಟು ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಇವತ್ತು ಅವಳು ಕೇಳಿರೋದು ದಾರಿ ಅಷ್ಟೇ. ದಾರಿ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

"ನಂಗೆ ಚಿತ್ರಗಿತ್ರ ಬರಲ್ಲ."

"ಬರೆಯೋಳು ಅವಳು. ನೀವು ಬಸ್ ಓಡಿಸಿ ಸಾಕು."

ಅಪ್ಪ ಒಳಗೆ ಬಂದು ಮೊದಲ ಖಾಲಿ ಹಾಳೆಯ ಮುಂದೆ ಕುಳಿತರು. "ಇಲ್ಲಿ ಬಸ್ ಸ್ಟ್ಯಾಂಡ್ ಬರಿ. ನಿಮ್ಮಣ್ಣ ನನ್ನ ಬಸ್ಸಲ್ಲೇ ಹೋದ. ನನ್ನ ಹಿಂದಿನ ಸೀಟಲ್ಲಿ ಕೂತಿದ್ದ."

ಇದನ್ನು ಅವರು ಅಮ್ಮನಿಗೂ ಹೇಳಿರಲಿಲ್ಲ. ಇರುವೆ ಪೆನ್ಸಿಲು ಹಿಡಿದು ಹೊರಗೆ ಬಂದಳು.

"ಅಣ್ಣ ಅಳ್ತಿದ್ನಾ?"

"ಗೊತ್ತಿಲ್ಲ. ನಾನು ಕನ್ನಡಿ ನೋಡ್ಲಿಲ್ಲ."

"ಕನ್ನಡಿ ನೋಡದೆ ಯಾರಾದ್ರೂ ಬಸ್ ಓಡಿಸ್ತಾರಾ?"

"ಅವತ್ತು ಓಡಿಸಿದೆ."

ಬಸ್ಸು ಬಂತು, ಸೇತುವೆ ಬಂತು, ರೈಲ್ವೆ ಸ್ಟೇಷನ್ನು ಬಂತು. ಸೇತುವೆಯ ಕೆಳಗೆ ಮೀನು ಇದ್ದವೋ ಇಲ್ಲವೋ ಎಂದು ಜಗಳವೂ ಆಯಿತು. ಕೊನೆಯ ಖಾಲಿ ಹಾಳೆಯ ಮುಂದೆ ಅಪ್ಪ ನಿಂತರು.

"ಇಲ್ಲಿಂದಾಚೆ ನಂಗೆ ಗೊತ್ತಿಲ್ಲಮ್ಮ. ಅವನು ಗಡೀಲಿದಾನೆ, ಕಾವಲಿಗೆ. ಯಾವ ಜಾಗ ಅಂತ ಅವನು ಹೇಳೋ ಹಾಗಿಲ್ಲ. ಯಾವಾಗ ಬರ್ತಾನೆ ಅಂತ ನಂಗೂ ಗೊತ್ತಿಲ್ಲ."

"ಅವನಿಗೆ ಏನಾದ್ರೂ ಆಗುತ್ತಾ?"

ಅಪ್ಪ ನರ್ಸಿನ ಕಡೆ ನೋಡಿದರು. ನರ್ಸು ಹುಡುಗಿಯತ್ತ ಕಣ್ಣು ತೋರಿಸಿದರು.

"ನಂಗೂ ಆ ಭಯ ಇದೆ," ಎಂದರು ಅಪ್ಪ. "ಹುಷಾರಾಗಿರೋದು ಹೇಗೆ ಅಂತ ಅವನಿಗೆ ಕಲಿಸಿದಾರೆ. ಒಬ್ಬನೇ ಇಲ್ಲ, ಜೊತೇಲಿ ಜನ ಇದಾರೆ."

ಇರುವೆ ಸ್ವಲ್ಪ ಅತ್ತಳು. ಅಳಬೇಡ ಎಂದು ಯಾರೂ ಹೇಳಲಿಲ್ಲ. ಆಮೇಲೆ ಅವಳು ಕಿಟಕಿಯ ಹತ್ತಿರ ಹೋಗಿ, ಒಂಟಿ ಮನುಷ್ಯನ ಪಕ್ಕ ಇನ್ನಷ್ಟು ಬೂಟುಗಳನ್ನು ಬರೆದಳು.

"ಈ ಹಾಳೆ ಖಾಲಿ ಇರ್ಲಿ," ಎಂದಳು ಅದರ ಪಕ್ಕದ ಹಾಳೆ ಮುಟ್ಟಿ.

ಮತ್ತೆ ಫೋನು ಬಂದ ದಿನ ಅವಳು ಮೆಷಿನ್ನಿನ ಕೆಳಗೆ ಅರ್ಧ ಹೋಗಿದ್ದಳು. ಅಲ್ಲೇ ನಿಂತಳು, ಹಿಂದೆ ಸರಿದಳು, ಬಂದು ಫೋನು ತೆಗೆದುಕೊಂಡಳು.

"ಅಣ್ಣಾ, ಯಾವಾಗ ಬರ್ತೀಯ?"

"ಇನ್ನೊಂದು ವಾ..." ಎಂದು ಅಣ್ಣ ತಡವರಿಸಿದ. ಅಪ್ಪ ಬಾಗಿ ಹೇಳಿದರು: "ಇರೋದು ಹೇಳೋ ಮಗಾ. ಪರವಾಗಿಲ್ಲ."

"ಗೊತ್ತಿಲ್ಲ ಇರುವೆ," ಎಂದ ಅಣ್ಣ.

"ಹೂಂ. ಎಲ್ಲಿದೀಯ ಅಂತ ಹೇಳ್ಬೇಡ. ಒಂದು ಹಾಳೆ ಖಾಲಿ ಇದೆ, ಏನಾದ್ರೂ ಒಂದು ಹೇಳು."

"ಇಲ್ಲೊಂದು ನಾಯಿ ಇದೆ. ಒಂದು ಕಿವಿ ಮಡಚಿಕೊಂಡಿದೆ. ನನ್ನ ಸಾಕ್ಸು ಕದಿಯತ್ತೆ, ಥೇಟ್ ನಿನ್ನ ಹಾಗೆ."

"ಯಾವ ಕಿವಿ?" ಎಂದಳು ಇರುವೆ, ಪೆನ್ಸಿಲಿಗಾಗಿ ತಡಕುತ್ತ. "ಎಡಗಡೇದಾ, ಬಲಗಡೇದಾ? ಸರಿಯಾಗಿ ನೋಡಿ ಹೇಳು."

ನಿಮ್ಮ ಮನೆಯಿಂದಲೂ ಯಾರಾದರೂ ಕಾವಲಿಗೆ ಹೋಗಿದ್ದರೆ, ಮನೆಯಲ್ಲಿ ಉಳಿದ ಮಗುವಿನ ಕೈಗೆ ಒಂದಿಷ್ಟು ಕಾಗದ ಕೊಡಿ. ಹಳೆಯ ಕ್ಯಾಲೆಂಡರಿನ ಬೆನ್ನಾದರೂ ಆದೀತು. ಚಿತ್ರ ಚೆನ್ನಾಗಿದೆಯೇ ಎಂದು ಅಳೆಯಬೇಡಿ, ಕಪ್ಪು ಬಳಿದರೆ ಬೈಯಬೇಡಿ. ಪಕ್ಕದಲ್ಲಿ ಕುಳಿತು, ಅದರ ಬಗ್ಗೆ ಹೇಳುತ್ತೀಯಾ ಎಂದು ಕೇಳಿ, ಕಾಯಿರಿ. ಮಗು ಊಟ, ನಿದ್ದೆ, ಆಟ ಬಿಟ್ಟು ದಿನಗಟ್ಟಲೆ ಮಂಕಾಗಿದ್ದರೆ ಸಂಕೋಚವಿಲ್ಲದೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಮಗೆ ಗೊತ್ತಿರುವಷ್ಟು ದಾರಿಯನ್ನು ಹೇಳಿ. ಗೊತ್ತಿಲ್ಲದ ಹಾಳೆಯನ್ನು ಸುಳ್ಳಿನಿಂದ ತುಂಬಬೇಡಿ, ಖಾಲಿ ಬಿಡಿ. ಅದರ ಮುಂದೆ ನೀವೂ ಕುಳಿತಿದ್ದರೆ, ಮಗು ಕಾಯಬಲ್ಲದು.