ವಾಲ್ವಮ್ಮನ ನಕ್ಷೆಗೆ ಅಡ್ಡ ಬಂದ ಹಳದಿ ಪಟ್ಟಿ

ನಲ್ಲಿಯಲ್ಲಿ ನೀರು ಬಾರದ ದಿನ ಇಡೀ ಬೀದಿಯ ಬಾಯಲ್ಲಿ ಒಂದೇ ಹೆಸರು: ಊರಿಗೆ ನೀರು ಬಿಡುವ ವಾಲ್ವಮ್ಮ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಮೂವತ್ತೊಂದು ವರ್ಷದ ಅನುಭವ ಎಂದರೆ ಸುಮ್ಮನೆಯೇ? ಆದರೆ ಶನಿವಾರ ಅವರ ನಿವೃತ್ತಿ. ಸೋಮವಾರ ಬರುವವನು ಊರಿಗೇ ಹೊಸಬ. ಅವನು ಒಂದು ವಾಲ್ವ್ ತಪ್ಪಿದರೂ ಏರಿನ ಮೇಲಿನ ಮನೆಗಳಿಗೆ ಹನಿ ನೀರು ಹತ್ತುವುದಿಲ್ಲ.

ಇದಕ್ಕೊಂದು ದಾರಿ ಹುಡುಕಿದವಳು ಸೊಸೆ. ಅತ್ತೆ ಹೇಳುತ್ತಾ ಹೋದರು, ಅವಳು ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತಾ ಹೋದಳು. ಬೀದಿಯ ಮೇಲೆ ಒತ್ತಿದರೆ ಸಾಕು, ವಾಲ್ವ್ ಎಲ್ಲಿದೆ, ಎಷ್ಟು ಸುತ್ತು ಎಂದು ತೋರಿಸುತ್ತದೆ. ಬ್ರೌಸರಿನಲ್ಲೇ ತೆರೆಯುತ್ತದೆ, ಇಂಟರ್‌ನೆಟ್ಟೂ ಬೇಡ. ಅತ್ತೆ ಸೊಸೆಗೆ ಈಗ ಜಗಳ ಆಡೋಕೂ ಪುರುಸೊತ್ತಿಲ್ಲ ಎಂದು ಮಗ ರೇಗಿಸಿದ.

ಶುಕ್ರವಾರ ಇಬ್ಬರೂ ಪೆನ್‌ಡ್ರೈವ್ ಹಿಡಿದು ನೀರಿನ ಕಚೇರಿಗೆ ಹೋದರು. ಗುಮಾಸ್ತರು ಪುಟ ತೆರೆದರೆ ನಕ್ಷೆಯೇ ಇಲ್ಲ. ಮೇಲೊಂದು ಹಳದಿ ಪಟ್ಟಿ: ನಿಮ್ಮ ಸುರಕ್ಷತೆಗಾಗಿ ಈ ಪುಟದ ಕೆಲವು ಭಾಗಗಳನ್ನು ತಡೆಹಿಡಿಯಲಾಗಿದೆ. ಗುಮಾಸ್ತರು ಕುರ್ಚಿ ಹಿಂದಕ್ಕೆ ಸರಿಸಿದರು. ಇದರಲ್ಲಿ ವೈರಸ್ ಇರಬೇಕು, ತೆಗೆದುಕೊಂಡು ಹೋಗಿ ಎಂದರು. ಅಷ್ಟು ವರ್ಷದ ವಿದ್ಯೆ ಕಚೇರಿಯ ಬಾಗಿಲಲ್ಲೇ ನಿಂತುಬಿಟ್ಟಿತ್ತು.

ಸೊಸೆ ಸಮಾಧಾನವಾಗಿ ಬಿಡಿಸಿ ಹೇಳಿದಳು. ನಮ್ಮ ಕಂಪ್ಯೂಟರಿನಲ್ಲೇ ಇರುವ ಪುಟವಾದರೂ, ಒತ್ತಿದರೆ ಕೆಲಸ ಮಾಡುವ ಭಾಗ ಅದರಲ್ಲಿದ್ದರೆ ಇಂಥ ಹಳೆಯ ಬ್ರೌಸರ್ ಹೀಗೆ ತಡೆಯುವುದುಂಟು. ಕಳ್ಳ ಬಂದ ಎನ್ನುತ್ತಿಲ್ಲ, ಬಂದವರು ಯಾರು ಎಂದು ಕೇಳುತ್ತಿದೆ, ಅಷ್ಟೇ. ಹಾಗೆಂದು ತನ್ನ ಮಾತನ್ನೇ ನಂಬಿ ಎನ್ನಲಿಲ್ಲ. ಪೆನ್‌ಡ್ರೈವನ್ನು ವೈರಸ್ ತಪಾಸಣೆಗೆ ಹಾಕಿಸಿದಳು. ಏನೂ ಸಿಗಲಿಲ್ಲ.

ಗುಮಾಸ್ತರಿಗೆ ಧೈರ್ಯ ಬಂದದ್ದೇ ತಡ, ನೆಗಡಿ ಬಂತೆಂದು ಮೂಗು ಕೊಯ್ಯಲು ಹೊರಟರು. "ಹಾಗಾದ್ರೆ ಈ ಎಚ್ಚರಿಕೇನೇ ಪೂರ್ತಿ ಆಫ್ ಮಾಡಿಬಿಡ್ತೀನಿ. ದಿನಾ ಇದರ ಕಾಟ ಯಾರಿಗೆ ಬೇಕು?" ಎಂದು ಸೆಟ್ಟಿಂಗ್ಸ್ ತೆರೆದರು.

ಸೊಸೆ ಬಾಯಿ ತೆರೆಯುವ ಮೊದಲೇ ವಾಲ್ವಮ್ಮ ಮುಂದೆ ಬಂದರು.

"ಸ್ವಾಮಿ, ಒಂದು ಬೀದಿಗೆ ನೀರು ಬೇಕು ಅಂತ ನಾನು ಊರಿನ ವಾಲ್ವೆಲ್ಲ ತೆರೆದಿಟ್ಟು ಮನೆಗೆ ಹೋದ್ರೆ ನೀವು ಸುಮ್ನಿರ್ತಿದ್ರಾ? ಇದು ನಾವೇ ಮಾಡಿದ್ದು, ನಮಗೆ ಗೊತ್ತು. ಇದಕ್ಕೆ ಮಾತ್ರ ಬಿಡಿ. ನಾಳೆ ಇನ್ಯಾರದ್ದೋ ಬಂದ್ರೆ ಅದು ಮತ್ತೆ ಕೇಳ್ಲಿ."

ಗುಮಾಸ್ತರು ಸೆಟ್ಟಿಂಗ್ಸ್ ಮುಚ್ಚಿದರು. ಹಳದಿ ಪಟ್ಟಿಯನ್ನು ಒತ್ತಿ, ಆ ಒಂದು ಪುಟಕ್ಕೆ ಮಾತ್ರ ಅನುಮತಿ ಕೊಟ್ಟರು. ಪರದೆಯ ತುಂಬ ಊರು ತೆರೆದುಕೊಂಡಿತು. ತಮ್ಮ ಬೀದಿಯನ್ನೇ ಒತ್ತಿ ನೋಡಿದರು: ಬೆಳಿಗ್ಗೆ ಆರೂವರೆ, ಏಳು ಸುತ್ತು. ಸರಿಯಾಗಿದೆ ಎಂದು ಒಪ್ಪಿಕೊಂಡು ಎಂಜಿನಿಯರನ್ನು ಕರೆತಂದರು.

ಎಂಜಿನಿಯರ್ ಒಂದೊಂದೇ ಬೀದಿ ಒತ್ತಿ ನೋಡಿ, ಸೋಮವಾರದಿಂದ ಇದೇ ನಮ್ಮ ದಾರಿ ಎಂದರು. ನಕ್ಷೆಯ ಕೆಳಗೆ ಯಾರ ಹೆಸರು ಹಾಕೋಣ ಎಂದೂ ಕೇಳಿದರು. ವಾಲ್ವಮ್ಮ ಹೆಮ್ಮೆಯಿಂದ ಸೊಸೆಯನ್ನು ಮುಂದೆ ತಂದು ನಿಲ್ಲಿಸಿದರು.

"ನನ್ನ ಸೊಸೆ ಹೆಸರು ಮೊದಲು ಹಾಕಿ. ನನ್ನ ತಲೇಲಿದ್ದದ್ದು ನನ್ನ ಜೊತೇನೇ ಹೋಗ್ತಿತ್ತು. ಊರಿಗೆ ಉಳಿಸಿದ್ದು ಅವಳು."

ಬಂಧುಗಳೇ, ನೀವು ಉಳಿಸಿಟ್ಟ ಪುಟ ತೆರೆದಾಗ ಇಂಥ ಎಚ್ಚರಿಕೆ ಕಂಡರೆ ಗಾಬರಿ ಬೇಡ, ಅವಸರವೂ ಬೇಡ. ಮಾಡಿದವರು ಯಾರು, ಬಂದದ್ದು ಎಲ್ಲಿಂದ ಎಂದು ನೋಡಿ. ವೈರಸ್ ತಪಾಸಣೆ ಮಾಡಿ. ಗೊತ್ತಿರುವ ಪುಟವಾದರೆ ಅದೊಂದಕ್ಕೇ ಅನುಮತಿ ಕೊಡಿ, ಗೊತ್ತಿಲ್ಲದ್ದನ್ನು ಮುಚ್ಚಿಬಿಡಿ. ಎಚ್ಚರಿಕೆಯನ್ನು ಮಾತ್ರ ಎಂದಿಗೂ ಆಫ್ ಮಾಡಬೇಡಿ. ಕೇಳುವವರಿಲ್ಲದ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ.