ಹತ್ತರಲ್ಲಿ ಎಂಟು ಗುಂಡು

ರಸೆಲ್ ಮಾರುಕಟ್ಟೆಯಲ್ಲಿ ನನ್ನ ತರಕಾರಿ ಅಂಗಡಿ ಇದೆ. ಅಲ್ಲಿ ಬೀಟ್ ಮಾಡುವ ಕಾನ್‌ಸ್ಟೇಬಲ್ ರಮ್ಯ ಫೈರಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಅವಳನ್ನು ಬೀಟ್‌ನಿಂದ ತೆಗೆದು ಠಾಣೆಯಲ್ಲಿ ಕೂರಿಸುತ್ತಾರಂತೆ.

“ಪಿಸ್ತೂಲು ಹಿಡಿದ್ರೆ ಕೈ ನಡುಗುತ್ತೆ ಅಣ್ಣ,” ಅಂದಳು.

“ಎಷ್ಟು ತೂಕ ಅದು?”

“ಹತ್ತತ್ರ ಒಂದು ಕೆಜಿ.”

ತಕ್ಕಡಿಯ ಒಂದು ಕೆಜಿ ತೂಕದ ಕಲ್ಲನ್ನು ಕೈಗಿಟ್ಟು, ತೋಳು ಚಾಚಿ ನಿಲ್ಲಲು ಹೇಳಿದೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತಳು. ಪಕ್ಕದಲ್ಲಿ ಹೂವು ಮಾರುವ ಆಂಜನಮ್ಮ ಮೊದಲ ದಿನ, “ಮೇಡಮ್ಮು ಟೊಮೇಟೊ ತೂಗ್ತಾವ್ರೆ” ಎಂದು ನಕ್ಕಳು. ನಾನು ಬೈದ ಮೇಲೆ ಅವಳೇ ಗಡಿಯಾರ ನೋಡಿ ನಿಮಿಷ ಕೂಗತೊಡಗಿದಳು.

ತಿಂಗಳಾದ ಮೇಲೆ ರಮ್ಯ ಗುರಿಹಾಳೆಯ ಫೋಟೊ ತೋರಿಸಿದಳು. ಹತ್ತು ಗುಂಡಿನಲ್ಲಿ ಎಂಟು ಗುರಿಗೆ ಬಿದ್ದಿದ್ದವು. ಅವಳು ಪಾಸಾಗಿದ್ದಳು. ಸುತ್ತಲಿನ ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

“ಮಿಕ್ಕ ಎರಡು ಗುಂಡು ಈ ಜನರ ಮಧ್ಯೆ ಹಾರಿದ್ರೆ ಯಾರಿಗಮ್ಮ ತಗಲ್ತಿತ್ತು?” ಎಂದೆ.

ಅವಳು ಮಾರುಕಟ್ಟೆಯ ಗದ್ದಲವನ್ನು ಒಮ್ಮೆ ನೋಡಿದಳು. ಮುಖದ ನಗು ಹೋಗಲಿಲ್ಲ.

“ಹತ್ತೂ ಗುರಿಗೆ ಬೀಳೋವರೆಗೂ ಬರ್ತೀನಿ ಅಣ್ಣ. ಆಂಜನಮ್ಮಕ್ಕ, ನಾಳೆಯಿಂದ ಹದಿನೈದು ನಿಮಿಷ.”