ತಿಮ್ಮಮ್ಮ ಹೆಸರು ಹಿಡಿದು ಅತ್ತದ್ದು

ಶಿಕಾರಿಪುರದ ನಮ್ಮ ಓದು ಬಳಗದಲ್ಲಿ ಆ ಭಾನುವಾರ ಜಗಳವಾದದ್ದು ಒಂದು ಉದ್ಗಾರದ ಬಗ್ಗೆ. ಕಾಲೇಜಿನಲ್ಲಿ ಪಾಠ ಮಾಡುವ ನಯನ ಬೈಬಲ್ಲಿನ ಒಂದು ಅಧ್ಯಾಯ ಓದಿದಳು. ಬಡವರ ಹೆಗಲಿಗೆ ಹೊರೆ ಹೊರಿಸಿ ತಾವು ಬೆರಳೂ ಸೋಕಿಸದ ದೊಡ್ಡವರಿಗೆ ಯೇಸು ಮತ್ತೆ ಮತ್ತೆ 'ಊವಾಯ್' ಎನ್ನುತ್ತಾನೆ. ಗ್ರೀಕಿನ ಆ ಕೂಗು ಕನ್ನಡದಲ್ಲಿ 'ಅಯ್ಯೋ' ಆಗಿದೆ.

"ಏನ್ರೀ ಅದು ಅಯ್ಯೋ, ಕಾಲಿಗೆ ಮುಳ್ಳು ಚುಚ್ಚಿದಂಗೆ! ಧಿಕ್ಕಾರ ಅಂತ ಹಾಕ್ಬೇಕಿತ್ತು," ಎಂದು ಬಳಗದ ಚನ್ನೇಶ್ ಮೇಜು ಗುದ್ದಿದ.

ಸೊರಬದ ಕುಪ್ಪಗಡ್ಡೆಯಿಂದ ಬಸ್ಸು ಹತ್ತಿ ಬರುವ, ನಾಟಿ ಕೂಲಿ ಮಾಡುವ ತಿಮ್ಮಮ್ಮ ನಕ್ಕಳು. "ಧಿಕ್ಕಾರ ಅಂದ್ರೆ ಆ ದೊಡ್ಡೋನು ಬಾಗ್ಲು ಹಾಕ್ಕಂಡು ಉಣ್ತಾನೆ ಮಾರಾಯ. ನಮ್ಮ ಕೇರೀಲಿ ಹೆಣದ ಮುಂದೆ ಮಾತ್ರ ಹೆಸ್ರು ಹಿಡ್ದು ಅಯ್ಯೋ ಅಂತ ಅಳದು. ಬದುಕಿರೋನ ಹೆಸ್ರಲ್ಲಿ ಅತ್ರೆ ಅವ ಸತ್ತ ಅಂತ್ಲೇ. ನಾನಂತೂ ಯಾರಿಗೂ ಹಂಗೆ ಅತ್ತಿಲ್ಲಪ್ಪ. ಯೇಸುಸ್ವಾಮಿಗೆ ಧೈರ್ಯ ಇತ್ತು ಬಿಡು."

ತಿಂಗಳೊಳಗೆ ಅವಳ ಅಣ್ಣ ರಾಮಪ್ಪ ತೀರಿಕೊಂಡ. ಕೇರಿಯ ಸ್ಮಶಾನಕ್ಕಿದ್ದ ಒಂದೇ ದಾರಿಗೆ ಜಮೀನ್ದಾರ ಮಲ್ಲೇಶಪ್ಪ ವರ್ಷದ ಹಿಂದೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದ. ದಾರಿ ನಕಾಶೆಯಲ್ಲಿತ್ತು, ನೆಲದ ಮೇಲಿರಲಿಲ್ಲ. ನಮ್ಮ ಬಳಗ ಕೊಟ್ಟ ಮೂರು ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ನಿದ್ದೆ ಹೊಡೆಯುತ್ತಿದ್ದವು.

ಮಧ್ಯಾಹ್ನದ ಬಿಸಿಲಲ್ಲಿ ಕೇರಿಯವರ ಜೊತೆ ನಾವೂ ಚಟ್ಟವನ್ನು ತಂತಿಯ ಮುಂದೆ ಇಳಿಸಿದೆವು. ಚನ್ನೇಶ್ ಧಿಕ್ಕಾರ ಕೂಗಿದ. ಆಚೆ ಕುರ್ಚಿ ಹಾಕಿ ಕೂತಿದ್ದ ಮಲ್ಲೇಶಪ್ಪ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ, "ಜೋರಾಗಿ ಕೂಗ್ರೋ, ಸರಿಯಾಗಿ ಕೇಳ್ತಿಲ್ಲ" ಎಂದ.

ತಿಮ್ಮಮ್ಮ ಅಣ್ಣನ ಮುಖಕ್ಕೆ ಬಟ್ಟೆ ಎಳೆದಳು. ತುರುಬು ಬಿಚ್ಚಿ, ಹೆಣಕ್ಕೆ ಬೆನ್ನು ಕೊಟ್ಟು, ತಂತಿಯ ಕಡೆ ಮುಖ ಮಾಡಿ ಕೂತಳು. ಜನ್ಮವಿಡೀ ಅವನನ್ನು 'ಗೌಡ್ರೇ' ಎಂದವಳು ಎದೆ ಬಡಿದುಕೊಂಡು ರಾಗ ಎತ್ತಿದಳು.

"ಅಯ್ಯೋ ಮಲ್ಲೇಶಪ್ಪಾ! ಅಷ್ಟಗಲ ಗದ್ದೆ ಇತ್ತಲ್ಲೋ, ಒಂದು ಹೆಣ ಹೋಗೋವಷ್ಟು ಜಾಗ ಇಲ್ದೆ ಹೋದ್ಯಲ್ಲೋ! ಅಯ್ಯೋ ನನ್ನಪ್ಪಾ, ನಮ್ಮಣ್ಣ ನೆಟ್ಟ ಭತ್ತ ಉಂಡ್ಯಲ್ಲೋ, ನಿನ್ನ ಹೆಣ ಹೊರೋಕೆ ಯಾರು ಬತ್ತಾರೋ!"

ಕೇರಿಯ ಹೆಂಗಸರು ದನಿಗೂಡಿಸಿದರು. ಮಲ್ಲೇಶಪ್ಪ ಎದ್ದು ನಿಂತ. "ಏ ತಿಮ್ಮೀ, ನಾನಿನ್ನೂ ಬದುಕಿದೀನಿ ಕಣೇ!"

"ಅಯ್ಯೋ, ಬದುಕಿದೀನಿ ಅಂತಿದ್ಯಲ್ಲೋ ಮಲ್ಲೇಶಪ್ಪಾ!"

ಮಗನ ಹೆಸರು ಸಾವಿನ ರಾಗದಲ್ಲಿ ಕೇಳಿ, ಗದ್ದೆಯಂಚಿನ ಮನೆಯಿಂದ ಅವನ ತಾಯಿ ಅಕ್ಕನಾಗಮ್ಮ ಬರಿಗಾಲಲ್ಲಿ ಓಡಿಬಂದಳು. ಮಗನನ್ನು ಮುಟ್ಟಿ ನೋಡಿದಳು. ಆಮೇಲೆ ಚಟ್ಟ ನೋಡಿದಳು.

"ತೆಗಿಯೋ ತಂತೀನ. ನಾನಿರೋವಾಗ ನಿನ್ನ ಹೆಸ್ರಲ್ಲಿ ಅಳಿಸ್ಬೇಡ."

ಮೊಬೈಲು ಜೇಬಿಗೆ ಹೋಯಿತು. ಮಲ್ಲೇಶಪ್ಪ ತಂತಿ ಬಿಚ್ಚಿದ.

"ಅತ್ತಿದ್ದು ವಾಪಸ್ ತಗೋ ತಾಯಿ," ಎಂದು ಮುದುಕಿ ಕೈಮುಗಿದಳು.

ತಿಮ್ಮಮ್ಮನ ಕಣ್ಣಲ್ಲಿ ನಿಜವಾದ ನೀರೇ ಇತ್ತು. "ತಗೋತೀನಮ್ಮಾ. ತಂತಿ ಸಂಜಿಗೆ ಮತ್ತೆ ಕಟ್ಬೋದು. ಕಂಬ ಕೀಳ್ಲಿ."

ಯಾವ ಅರ್ಜಿಗೂ ಅಲುಗದ ಮಲ್ಲೇಶಪ್ಪ ಹಾರೆ ತರಲು ಹೊರಟ. ಧಿಕ್ಕಾರ ಬಿಟ್ಟು ಚನ್ನೇಶ್ ಕಂಬ ಕೀಳಲು ಕೈಜೋಡಿಸಿದ. ಎರಡನೆಯ ಕಂಬ ಉರುಳಿದ ಮೇಲೆ ತಿಮ್ಮಮ್ಮ ಎದ್ದಳು.

"ಬದುಕ್ಕಳ್ಳಿ ಗೌಡ್ರೇ."

ಆಮೇಲೆ ತಿರುಗಿ, ಅಣ್ಣನ ಮುಖದ ಬಟ್ಟೆ ಸರಿಸಿ, ಅವನಿಗಾಗಿ ಅಳತೊಡಗಿದಳು.